ಮಬ್ಬಾದ ಜಾಡಿ ಎಸೆಯುವುದನ್ನು ನಿಲ್ಲಿಸಿದ ಮೇಲೆ

ತರಕಾರಿಯನ್ನು ಉಪ್ಪುನೀರಿನಲ್ಲಿ ಮುಳುಗಿಸಿಟ್ಟು ತಾನಾಗಿ ಹುಳಿ ಬರಿಸುವುದು ನನ್ನ ಕೆಲಸ. ಆ ಉಪ್ಪುನೀರು ಮಬ್ಬಾಯಿತು ಎಂದು ಎಷ್ಟು ಜಾಡಿ ಸುರಿದೆ ಅಂತ ಲೆಕ್ಕ ಹಾಕಿದರೆ ಈಗಲೂ ಹೊಟ್ಟೆ ಉರಿಯುತ್ತದೆ. ಮೊದಲ ವರ್ಷವೇ ಸುಮಾರು 40. ಸೌತೆಕಾಯಿ, ಕ್ಯಾರೆಟ್, ಎಲೆಕೋಸು, ಎಲ್ಲವೂ. ತರಕಾರಿಯ ದುಡ್ಡು ಹೋಯಿತು, ಹತ್ತು ಹದಿನೈದು ದಿನ ಕಾದದ್ದೂ ಹೋಯಿತು. ಅದರಲ್ಲಿ ಮುಕ್ಕಾಲು ಪಾಲು ಚೆನ್ನಾಗಿಯೇ ಇದ್ದಿರಬೇಕು ಎಂದು ಈಗ ಅನಿಸುತ್ತದೆ. ಹುಳಿ ಬರಿಸುವ ಬ್ಯಾಕ್ಟೀರಿಯಾ ಬೆಳೆದರೆ ನೀರು ಮಬ್ಬಾಗಲೇಬೇಕಲ್ವಾ?

ನನ್ನ ಕಣ್ಣು ತೆರೆಸಿದ್ದು ಮಾತ್ರ ಒಂದು ತಿಳಿ ಜಾಡಿ. ಹತ್ತನೇ ದಿನವೂ ಗಾಜಿನಂತೆ ಹೊಳೆಯುತ್ತಿತ್ತು, ಕ್ಯಾರೆಟ್ ಬಣ್ಣ ಒಂಚೂರೂ ಕೆಟ್ಟಿರಲಿಲ್ಲ. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಈ ಅಂಕಿ ಇಳಿಯುತ್ತದೆ) ನೋಡಿದರೆ 5ರ ಮೇಲಿತ್ತು! ಅವಸರದಲ್ಲಿ ಉಪ್ಪುನೀರನ್ನು ಬಿಸಿಬಿಸಿಯಾಗಿಯೇ ಸುರಿದಿದ್ದೆ. ಬೇಕಾದ ಬ್ಯಾಕ್ಟೀರಿಯಾ ಅಲ್ಲೇ ಸತ್ತಿದ್ದವು. ನೋಡಲು ಅಷ್ಟು ಚೆಂದದ ಜಾಡಿಯೇ ಎಲ್ಲಕ್ಕಿಂತ ಅಪಾಯದ್ದಾಗಿತ್ತು.

ಅಂದಿನಿಂದ ಒಂದು ದಿನದ ನೋಟವನ್ನು ನಂಬುವುದು ಬಿಟ್ಟೆ. ದಿನದಿಂದ ದಿನಕ್ಕೆ ಏನು ಬದಲಾಗುತ್ತದೆ ಎಂದು ನೋಡತೊಡಗಿದೆ. ಜಾಡಿಯ ಹಿಂದೆ ಅಚ್ಚಾದ ಕಾಗದದ ಪಟ್ಟಿ ನಿಲ್ಲಿಸುತ್ತೇನೆ. ಅದರಲ್ಲಿ ದೊಡ್ಡ, ಮಧ್ಯಮ, ಸಣ್ಣ, ಮೂರು ಗಾತ್ರದ ಅಕ್ಷರ. ಅದೇ ಕಿಟಕಿ, ಅದೇ ಹೊತ್ತು, ಒಂದು ಫೋಟೋ. ಯಾವ ಸಾಲು ಓದಲು ಬರುತ್ತದೆ ಎಂದು ಪುಸ್ತಕದಲ್ಲಿ ಬರೆಯುತ್ತೇನೆ, ಪಕ್ಕದಲ್ಲಿ ಪಿಎಚ್. ಜೊತೆಗೆ ಕೆಲಸ ಮಾಡುವವರು "ಇದೆಲ್ಲ ಸುಮ್ನೆ ಟೈಮ್ ವೇಸ್ಟ್, ಮಬ್ಬು ಕಂಡರೆ ಸುರಿದುಬಿಡಿ" ಅಂದರು. ನಾನು ಬಿಡಲಿಲ್ಲ. 60 ಜಾಡಿ ದಾಟುವಷ್ಟರಲ್ಲಿ ಲಯ ಸಿಕ್ಕಿತು. 20 ಡಿಗ್ರಿ ಆಸುಪಾಸಿನಲ್ಲಿ ಮೂರನೇ ದಿನ ಸಣ್ಣಕ್ಷರ ಮಾಯ, ಐದನೇ ದಿನ ದೊಡ್ಡದೂ ಕಷ್ಟ. ಎರಡು ಮೂರು ವಾರಕ್ಕೆ ಮಬ್ಬೆಲ್ಲ ಬಿಳಿ ಪುಡಿಯಾಗಿ ತಳಕ್ಕೆ ಕೂತು ಅಕ್ಷರ ಮತ್ತೆ ಕಾಣುತ್ತದೆ. ತಿಳಿಯಾದ ಮೇಲೆ ತಾನಾಗಿ ಮತ್ತೆ ಮಬ್ಬಾದರೆ ನಾನು ಆ ಜಾಡಿಯನ್ನು ಬೇರೆ ಇಟ್ಟು ದಿನಾ ಅಳೆಯುತ್ತೇನೆ. ಟಾರ್ಚ್ ಹಾಕಿ ನೋಡುವ ಒಂದು ಕೋನವೂ ಇದೆ, ಮಬ್ಬು ಶುರುವಾಗುವ ಮೊದಲೇ ತಿಳಿಯುತ್ತದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಆದರೆ ಕಣ್ಣು ಅರ್ಧ ಕೆಲಸ ಮಾತ್ರ ಮಾಡುತ್ತದೆ. ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾ ಬಿಡುವ ಮಾರಕ ವಿಷ ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ಸಿಗುವುದಿಲ್ಲ. ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನಾನು 4ಕ್ಕೆ ಇಳಿಯುವ ತನಕ ಜಾಡಿಗೆ "ಸರಿ" ಎಂದು ಬರೆಯುವುದೇ ಇಲ್ಲ. ದಪ್ಪ ತುಂಡುಗಳಿದ್ದರೆ ನೀರನ್ನಷ್ಟೇ ಅಳೆದು ಬಿಡಬೇಡಿ. ಒಂದು ತುಂಡು ತೆಗೆದು ಅರೆದು ಅಳೆಯಿರಿ, ನಡುವಿಗೆ ಹುಳಿ ತಡವಾಗಿ ಹೋಗುತ್ತದೆ.

ಮೀಟರ್ ವಿಷಯದಲ್ಲೂ ದುಡ್ಡು ಕಳೆದೆ. ಮೊದಲು ಹುಳಿಗೆ ತಕ್ಕಂತೆ ಬಣ್ಣ ಬದಲಿಸುವ ಪಿಎಚ್ ಕಾಗದ ತಂದೆ. ಬೀಟ್ರೂಟ್ ನೀರಿನಲ್ಲಿ ಅದ್ದಿದರೆ ಕಾಗದವೂ ಕೆಂಪು, ಓದುವುದೇನು? ಆಮೇಲೆ ಕೊಂಡ ಮೀಟರಿನ ತುದಿಯನ್ನು ಒಣಗಿಸಿ ಇಟ್ಟೆ. ಅದು 0.4ರಷ್ಟು ಜಾಸ್ತಿ ತೋರಿಸತೊಡಗಿತು, ಅದನ್ನೇ ನಂಬಿ ಆರು ಜಾಡಿ ಸುರಿದೆ. ಈಗ ತುದಿ ಯಾವಾಗಲೂ ಅದರ ದ್ರಾವಣದಲ್ಲೇ ಇರುತ್ತದೆ. ಪ್ರತಿ ಸಲ ಅಳೆಯುವ ಮೊದಲು 7.00 ಮತ್ತು 4.01 ಬಫರ್‌ಗಳಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಸರಿ ನೋಡುತ್ತೇನೆ. ಎರಡನೇ ಮೀಟರಿಗೆ ಹಾಕಿದ ದುಡ್ಡು, ಎಸೆಯದೆ ಉಳಿದ ಜಾಡಿಗಳಿಂದ ಮೂರು ತಿಂಗಳಲ್ಲೇ ವಾಪಸ್ ಬಂತು.

ಮೇಲೆ ಬರುವ ಪೊರೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ಚಪ್ಪಟೆಯಾಗಿ, ಬೆಳ್ಳಗೆ, ಸುಕ್ಕು ಸುಕ್ಕಾಗಿ ಹರಡಿದ್ದರೆ ಅದು ಯೀಸ್ಟ್. ಪಿಎಚ್ ಸರಿಯಿದ್ದರೆ ತೆಗೆದು ಹಾಕಿ ಮುಂದುವರಿಸುತ್ತೇನೆ. ಆದರೆ ಹಾಗೇ ಬಿಟ್ಟರೆ ಅದು ಹುಳಿಯನ್ನೇ ತಿನ್ನುತ್ತದೆ, ಪಿಎಚ್ ಮತ್ತೆ ಏರುತ್ತದೆ. ರೋಮ ರೋಮವಾಗಿ ಎದ್ದು ಹಸಿರು, ಕಪ್ಪು, ಗುಲಾಬಿ ಬಣ್ಣ ಬಂದರೆ ಅದು ಬೂಷ್ಟು. ಅಲ್ಲಿ ವಾದವಿಲ್ಲ, ಇಡೀ ಜಾಡಿ ಹೊರಗೆ. ನೀರು ಲೋಳೆಯಾದರೂ, ತರಕಾರಿ ಮೆತ್ತಗಾಗಿ ಜಾರಿದರೂ ಹಾಗೇ. ರುಚಿ ನೋಡಿ ತೀರ್ಮಾನ ಮಾಡುವ ಕೆಲಸ ಬೇಡ. ಸೌತೆಕಾಯಿ ಮೆತ್ತಗಾಗುವ ನನ್ನ ಕಾಟ, ಹೂವಿನ ಕಡೆಯ ತುದಿಯನ್ನು ಎರಡು ಮಿಲಿಮೀಟರ್ ಕತ್ತರಿಸತೊಡಗಿದ ಮೇಲೆ ಹೆಚ್ಚುಕಮ್ಮಿ ನಿಂತಿತು.

ಇದೆಲ್ಲ ಉಪ್ಪುನೀರಿನಲ್ಲಿ ತಾನಾಗಿ ಹುಳಿ ಬರುವ ಜಾಡಿಗಳ ಮಾತು. ವಿನೆಗರ್ ಹಾಕಿ ಬಿಸಿ ಮಾಡಿ ಸೀಲ್ ಮಾಡಿದ ಜಾಡಿಯ ಮುಚ್ಚಳ ಉಬ್ಬಿದರೆ ಅಥವಾ ತೆರೆದಾಗ ನೀರು ಚಿಮ್ಮಿದರೆ ಬಾಯಿಗೆ ಇಡದೆ ಎಸೆಯಬೇಕು. ಅಲ್ಲಿ ಮಬ್ಬನ್ನೂ ನಾನು ಕ್ಷಮಿಸುವುದಿಲ್ಲ.

ನಡುವೆ ಬೆಳ್ಳುಳ್ಳಿಯ ಹುಚ್ಚೂ ಹಿಡಿಯಿತು. ನಾಲ್ಕು ಜಾಡಿಗಳಲ್ಲಿ ಎರಡರ ಎಸಳು ನೀಲಿ-ಹಸಿರಾದವು. ನೋಡಿದವರೆಲ್ಲ ಬೆಚ್ಚಿದರು. ಅದು ಬೆಳ್ಳುಳ್ಳಿಯೊಳಗಿನ ಗಂಧಕದ ಅಂಶಗಳು ಹುಳಿಯಲ್ಲಿ ಕಟ್ಟುವ ಬಣ್ಣ, ತಿಂದರೆ ತೊಂದರೆಯಿಲ್ಲ. ಪಿಎಚ್ 3.7 ಇತ್ತು, ಮೊದಲ ಎಸಳು ನಾನೇ ತಿಂದೆ. ಒಂದೇ ಗಡ್ಡೆಯ ಎಸಳುಗಳನ್ನು ಬೇರೆ ಬೇರೆ ತಂಪಿನಲ್ಲಿಟ್ಟು, ಯಾವುದು ಮೊದಲು ಬಣ್ಣ ತಿರುಗುತ್ತದೆ ಎಂದು ಈಗ ನೋಡುತ್ತಿದ್ದೇನೆ. ಇವತ್ತಿಗೆ ಹನ್ನೊಂದನೇ ದಿನ.