ಹವಳದ ಟ್ಯಾಂಕಿನ ನೀರು ಮಬ್ಬಾಯಿತೇ? ಮೊದಲು ಒಂದು ಲೋಟ ತೆಗೆದುಕೊಳ್ಳಿ

ರಾತ್ರಿ ತಿಳಿಯಾಗಿದ್ದ ಉಪ್ಪುನೀರಿನ ಟ್ಯಾಂಕ್ ಬೆಳಿಗ್ಗೆ ನೋಡಿದರೆ ಗಂಜಿ ತೆಳಿಯಂತೆ ಕಾಣುತ್ತಿದೆಯಾ? ಹೆಚ್ಚಿನವರು ಅರ್ಧ ನೀರು ಚೆಲ್ಲುತ್ತಾರೆ, ಇಲ್ಲವೇ ನೀರು ತಿಳಿಯಾಗಿಸುವ ಯಾವುದೋ ಬಾಟಲಿ ತಂದು ಸುರಿಯುತ್ತಾರೆ. ಸ್ವಲ್ಪ ತಡೆಯಿರಿ. ಮಬ್ಬು ಯಾತರದ್ದು ಅಂತ ತಿಳಿಯದೆ ಮದ್ದು ಮಾಡಿದರೆ ಹವಳಕ್ಕೇ ಪೆಟ್ಟು.

ಮೊದಲು ಮೀನು ನೋಡಿ. ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರಬಹುದು. ಪಂಪಿನ ಮೂತಿಯನ್ನು ಮೇಲ್ಮೈ ಕಡೆ ತಿರುಗಿಸಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ, ಸ್ಕಿಮ್ಮರ್ (ಗುಳ್ಳೆಗಳಿಂದ ನೀರಿನ ಕೊಳೆ ಎತ್ತುವ ಯಂತ್ರ) ಓಡುತ್ತಿದೆಯಾ ನೋಡಿ. ಆಮೇಲೆ ಮೀನಿಗೆ ವಿಷವಾದ ಅಮೋನಿಯಾದ ಟೆಸ್ಟ್. ಅಮೋನಿಯಾ ಕಂಡರೆ ಮಾತ್ರ ಕೂಡಲೇ ನೀರು ಬದಲಿಸಿ, ಹೊಸ ನೀರಿನ ಉಪ್ಪು ಮತ್ತು ಬಿಸಿ ಹಳೆಯದಕ್ಕೆ ಹೊಂದಲಿ.

ಮೀನು ಆರಾಮಾಗಿದ್ದರೆ ಗಾಜಿನ ಲೋಟದಲ್ಲಿ ಟ್ಯಾಂಕಿನ ನೀರು ತುಂಬಿ ಮೇಜಿನ ಮೇಲಿಡಿ. ಹಿಂದೆ ಕಪ್ಪು ಬಟ್ಟೆ, ಪಕ್ಕದಿಂದ ಟಾರ್ಚ್ ಬೆಳಕು. ಎರಡು ಮೂರು ನಿಮಿಷದಲ್ಲೇ ನೀರು ತಿಳಿಯಾದರೆ ಅದು ಬರೀ ಗಾಳಿಗುಳ್ಳೆ. ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಫಿಲ್ಟರ್ ತೊಟ್ಟಿಯಲ್ಲಿ) ನೀರು ಆವಿಯಾಗಿ ಇಳಿದಿರುತ್ತದೆ, ಪಂಪ್ ಗಾಳಿ ಎಳೆಯುತ್ತಿರುತ್ತದೆ. ಸಿಹಿನೀರು ಹಾಕಿ ಮಟ್ಟ ಸರಿ ಮಾಡಿದರೆ ಮುಗಿಯಿತು.

ಅರ್ಧ ಗಂಟೆಯಲ್ಲಿ ಲೋಟದ ತಳಕ್ಕೆ ಬಿಳಿ ಹುಡಿ ಕೂತರೆ ಅದು ಮರಳಿನ ದೂಳು, ಇಲ್ಲವೇ ನೀರಿನಿಂದ ಹೊರಬಿದ್ದ ಕ್ಯಾಲ್ಸಿಯಂ. ವಿನೆಗರ್ ಹಾಕಿ ನೊರೆ ಬಂದರೆ ಕ್ಯಾಲ್ಸಿಯಂ ಅಂತ ಕೆಲವರು ಹೇಳುತ್ತಾರೆ, ಆದರೆ ನಾವು ಹಾಸುವ ಅರಗೊನೈಟ್ ಮರಳೂ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಅದೂ ನೊರೆ ಬರುತ್ತದೆ! ಹೊಸ ಮರಳು ಹಾಕಿದ್ದರೆ ದೂಳು, ಒಂದೆರಡು ದಿನದಲ್ಲಿ ಕೂರುತ್ತದೆ. ಮರಳು ಮುಟ್ಟಿಯೇ ಇಲ್ಲ, ಹೀಟರ್ ಮೇಲೆ ಬಿಳಿ ಚಕ್ಕೆ ಕಟ್ಟಿದೆ, ಆಲ್ಕಲಿನಿಟಿ (ನೀರು ಆಮ್ಲವಾಗದಂತೆ ತಡೆಯುವ ಶಕ್ತಿ) ದಿಢೀರ್ ಇಳಿದಿದೆ ಅಂದರೆ ಡೋಸಿಂಗ್, ಅಂದರೆ ಹವಳಕ್ಕೆಂದು ಕ್ಯಾಲ್ಸಿಯಂ, ಆಲ್ಕಲಿನಿಟಿ ದ್ರಾವಣ ಹಾಕುವ ಕೈ ಜೋರಾಗಿದೆ. ಡೋಸಿಂಗ್ ನಿಲ್ಲಿಸಿ. ಕ್ಯಾಲ್ಸಿಯಂ 400ರಿಂದ 450 ಪಿಪಿಎಂ, ಆಲ್ಕಲಿನಿಟಿ 8ರಿಂದ 9 ಡಿಕೆಎಚ್ (ಆಲ್ಕಲಿನಿಟಿಯ ಅಳತೆ), ಮೆಗ್ನೀಸಿಯಂ 1250ರಿಂದ 1350 ಪಿಪಿಎಂ ಇದೆಯಾ ನೋಡಿ. ಮೆಗ್ನೀಸಿಯಂ ಕಡಿಮೆಯಾದರೆ ಈ ಕಾಟ ಮತ್ತೆ ಮತ್ತೆ ಬರುತ್ತದೆ. ಇಳಿದ ಆಲ್ಕಲಿನಿಟಿಯನ್ನು ಒಂದೇ ದಿನದಲ್ಲಿ ಏರಿಸಲು ಹೋಗಬೇಡಿ, ದಿನಕ್ಕೆ 1 ಡಿಕೆಎಚ್‌ಗಿಂತ ಜಾಸ್ತಿ ಬೇಡ. ಟ್ಯಾಂಕಿನ ಹೊಸ ನೀರಿಗೆಂದು ಉಪ್ಪು ಕಲಸುವಾಗಲೂ ಕ್ಯಾಲ್ಸಿಯಂ ಹೀಗೇ ಹೊರಬೀಳದಂತೆ ನೀರಿಗೆ ಉಪ್ಪು ಹಾಕಿ, ಉಪ್ಪಿಗೆ ನೀರು ಹೊಯ್ಯಬೇಡಿ.

ಎಷ್ಟು ಹೊತ್ತಾದರೂ ಲೋಟ ಹಾಗೇ ಬೆಳ್ಳಗಿದ್ದರೆ ಬ್ಯಾಕ್ಟೀರಿಯಾ. ಹಸಿರಾಗಿದ್ದರೆ ಪಾಚಿ, ಅದಕ್ಕೆ ಎರಡು ಮೂರು ದಿನ ಲೈಟ್ ಆರಿಸಿ. ಬ್ಯಾಕ್ಟೀರಿಯಾಕ್ಕೆ ಊಟ ಎಲ್ಲಿಂದ ಸಿಕ್ಕಿತು ಅಂತ ಹುಡುಕಬೇಕು: ಜಾಸ್ತಿ ಹಾಕಿದ ಆಹಾರ, ಕಲ್ಲಿನ ಹಿಂದೆ ಸತ್ತ ಬಸವನಹುಳು, ನೈಟ್ರೇಟ್ ಇಳಿಸಲು ಹಾಕಿದ ವೋಡ್ಕಾ ಅಥವಾ ವಿನೆಗರ್. ಸಿಕ್ಕಿದ್ದನ್ನು ತೆಗೆಯಿರಿ, ಒಂದೆರಡು ದಿನ ಮೀನಿಗೆ ಉಪವಾಸ, ಸ್ಕಿಮ್ಮರ್ ಜೋರಾಗಿ ಓಡಲಿ. ನೀರಿನ ಸೂಕ್ಷ್ಮಜೀವಿ ಕೊಲ್ಲುವ ಯುವಿ ದೀಪ ಇದ್ದರೆ ಹಾಕಿ. ಇಲ್ಲದಿದ್ದರೂ ಸಾಮಾನ್ಯವಾಗಿ ಕೆಲವು ದಿನದಲ್ಲಿ ತಾನಾಗಿಯೇ ತಿಳಿಯಾಗುತ್ತದೆ.

ನಮ್ಮ ಕಾಸರಗೋಡಿನವರಿಗೆ ಇನ್ನೊಂದು ಆಸೆ ಇದೆ. ಕಡಲು ಮನೆ ಹತ್ತಿರವೇ ಇರುವಾಗ ಉಪ್ಪಿನ ಪ್ಯಾಕೆಟ್ ಯಾಕೆ ಅಂತ ಕ್ಯಾನ್ ಹಿಡಿದು ಹೊರಡುತ್ತೇವೆ. ಮಳೆಗಾಲದಲ್ಲಿ ಖಂಡಿತ ಬೇಡ. ಚಂದ್ರಗಿರಿ, ಮೊಗ್ರಾಲ್, ಶಿರಿಯಾ ಹೊಳೆಗಳು ಕೆಂಪು ನೀರು ತಂದು ಸುರಿಯುವಾಗ ಅಳಿವೆ ಹತ್ತಿರದ ಕಡಲಿಗೆ ಉಪ್ಪೂ ಇಲ್ಲ, ತಿಳಿಯೂ ಇಲ್ಲ. ಬೇಸಿಗೆಯಲ್ಲಿ ತಂದರೂ ಆ ನೀರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ತುಂಬಿರುತ್ತವೆ, ಮುಚ್ಚಿದ ಕ್ಯಾನಿನಲ್ಲಿ ಸತ್ತು ಕೊಳೆತು ಬ್ಯಾಕ್ಟೀರಿಯಾಕ್ಕೆ ಹಬ್ಬ ಮಾಡಿಸುತ್ತವೆ. ಅಳಿವೆ, ಬಂದರುಗಳಿಂದ ದೂರ ತುಂಬಿಸಿ, ಕತ್ತಲಲ್ಲಿ ಗಾಳಿ ಕೊಟ್ಟು ಎರಡು ವಾರ ಇಡಿ, ಸೋಸಿ, ಸಾಂದ್ರತೆ (ಉಪ್ಪಿನ ಪ್ರಮಾಣ ತೋರಿಸುವ ಅಳತೆ) 1.025ರ ಆಸುಪಾಸು ಬಂದ ಮೇಲೆ ಬಳಸಿ. ಹವಳದ ತುಂಡು ಸಿಕ್ಕಿತು ಅಂತ ಹೆಕ್ಕಿ ತರಬೇಡಿ, ಅದಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ.

ಮಳೆಗಾಲದ ಕರೆಂಟ್ ಕಾಟಕ್ಕೆ ಬ್ಯಾಟರಿಯ ಏರ್ ಪಂಪ್ ಒಂದು ಮನೆಯಲ್ಲಿರಲಿ. ಕ್ಯಾನಿಸ್ಟರ್ ಫಿಲ್ಟರ್ (ಟ್ಯಾಂಕಿನ ಹೊರಗಿಡುವ ಮುಚ್ಚಿದ ಡಬ್ಬಿಯ ಫಿಲ್ಟರ್) ಗಂಟೆಗಟ್ಟಲೆ ನಿಂತಿದ್ದರೆ ಕರೆಂಟ್ ಬಂದ ಕೂಡಲೇ ಸ್ವಿಚ್ ಹಾಕಬೇಡಿ. ಒಳಗಿನ ನೀರು ಕೆಟ್ಟಿರುತ್ತದೆ. ಅದನ್ನು ಚೆಲ್ಲಿ, ಸ್ಪಂಜನ್ನು ಟ್ಯಾಂಕಿನದೇ ನೀರಿನಲ್ಲಿ ತೊಳೆದು, ಆಮೇಲೆ ಓಡಿಸಿ.