ಡಿಫ್ತೀರಿಯಾ ವಿಷದ ಬೆನ್ನು ಹತ್ತಿ: ಗಂಟಲ ಸ್ವಾಬ್‌ನಿಂದ ವೀರೋ ಕೋಶದವರೆಗೆ

ಡಿಫ್ತೀರಿಯಾದಿಂದ ತೀರಿಕೊಳ್ಳುವ ಮಕ್ಕಳಲ್ಲಿ ಅನೇಕರು ಸಾಯುವುದು ಹೃದಯ ಸೋತು. ಆದರೆ ಆ ಹೃದಯದಲ್ಲಿ ಹುಡುಕಿದರೆ ಡಿಫ್ತೀರಿಯಾ ಬ್ಯಾಕ್ಟೀರಿಯಾ ಸಿಗುವುದಿಲ್ಲ. ರಕ್ತವನ್ನು ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆಗೆ, ಹಾಕಿದರೂ ಸಾಮಾನ್ಯವಾಗಿ ಏನೂ ಬೆಳೆಯುವುದಿಲ್ಲ. ಬ್ಯಾಕ್ಟೀರಿಯಾ ಕೂತಿರುವುದು ಗಂಟಲಲ್ಲಿ, ಈ ರೋಗದಲ್ಲಿ ಅಲ್ಲಿ ಕಟ್ಟುವ ಬೂದು ಬಣ್ಣದ ಪೊರೆಯಲ್ಲಿ. ಅಲ್ಲಿಂದ ಅದು ಕದಲುವುದೇ ಇಲ್ಲ.

1884ರಲ್ಲಿ ಜರ್ಮನಿಯ ಲೋಫ್ಲರ್ ಇದನ್ನು ಗಮನಿಸಿ, ಗಂಟಲಿನಿಂದ ಏನೋ ವಿಷ ಹರಿದು ಹೋಗುತ್ತಿರಬೇಕು ಎಂದು ಊಹಿಸಿದ್ದರು. 1888ರಲ್ಲಿ ಪ್ಯಾರಿಸ್‌ನಲ್ಲಿ ರೂ ಮತ್ತು ಯೆರ್ಸಿನ್ ಅದನ್ನು ತೋರಿಸಿಕೊಟ್ಟರು. ಬ್ಯಾಕ್ಟೀರಿಯಾ ಬೆಳೆದ ದ್ರವವನ್ನು ಸೋಸಿ, ಒಂದೂ ಬ್ಯಾಕ್ಟೀರಿಯಾ ಉಳಿಯದ ಹಾಗೆ ಮಾಡಿ, ಪ್ರಾಣಿಗಳಿಗೆ ಚುಚ್ಚಿದರು. ಪ್ರಾಣಿಗಳು ಅದರಿಂದಲೇ ಸತ್ತವು.

ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ನೋಡಿಕೊಳ್ಳುತ್ತೇನೆ. ನಮ್ಮ ಕಡೆ ಈ ರೋಗ ಪುಸ್ತಕಕ್ಕೆ ಸೇರಿ ಹೋಗಿಲ್ಲ. ಆಗಾಗ ಒಂದು ಸ್ವಾಬ್, ಅಂದರೆ ಗಂಟಲು ಒರೆಸಿದ ಹತ್ತಿಯ ಕಡ್ಡಿ, ಬಂದೇ ಬರುತ್ತದೆ. ಬಂದಾಗ ಏನು ಮಾಡುತ್ತೇವೆ, ಅದರಿಂದ ಈ ವಿಷದ ಬಗ್ಗೆ ನನಗೆ ಏನು ಅರ್ಥವಾಯಿತು ಅನ್ನುವುದನ್ನು ಬರೆಯುತ್ತಿದ್ದೇನೆ.

ಸ್ವಾಬ್ ತೆಗೆಯುವುದರಲ್ಲೇ ಅರ್ಧ ಕೆಲಸ ಇದೆ. ಪೊರೆಯ ಮೇಲೆ ಸುಮ್ನೆ ಒರೆಸಿದರೆ ಸಾಲದು. ಅದರ ಅಂಚನ್ನು ಸ್ವಲ್ಪ ಎತ್ತಿ, ಕೆಳಗಿನಿಂದ ತೆಗೆಯಬೇಕು. ಅಲ್ಲಿ ರಕ್ತ ಜಿನುಗುತ್ತದೆ. ಯಾಕೆಂದರೆ ಅದು ಒರೆಸಿದರೆ ಹೋಗುವ ಕೀವಿನ ಪದರವಲ್ಲ. ಸತ್ತ ಗಂಟಲ ಕೋಶಗಳು, ಬಿಳಿ ರಕ್ತಕಣಗಳು, ರಕ್ತ ಹೆಪ್ಪುಗಟ್ಟಿಸುವ ಫೈಬ್ರಿನ್ ಎಳೆಗಳು, ಬ್ಯಾಕ್ಟೀರಿಯಾ ಎಲ್ಲ ಸೇರಿ ಹೆಪ್ಪುಗಟ್ಟಿ ಕೆಳಗಿನ ಮಾಂಸಕ್ಕೆ ಅಂಟಿಕೊಂಡಿರುತ್ತವೆ. ವಿಷದ ಮೊದಲ ಏಟು ಬಿದ್ದಿರುವುದು ಅಲ್ಲೇ. ಕೋಶಗಳನ್ನು ಕೊಂದು, ಆ ಹೆಣಗಳ ರಾಶಿಯಲ್ಲಿ ಬ್ಯಾಕ್ಟೀರಿಯಾ ಬೀಡುಬಿಡುತ್ತದೆ.

ಎರಡು ಸ್ವಾಬ್ ಕೇಳುತ್ತೇವೆ. ಒಂದು ಸ್ಲೈಡಿಗೆ, ಇನ್ನೊಂದು ಕಲ್ಚರ್‌ಗೆ. ಆಲ್ಬರ್ಟ್ ಸ್ಟೇನ್ ಎಂಬ ಬಣ್ಣ ಹಾಕಿ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ ಹಸಿರು ಕಡ್ಡಿಗಳು, ಅವುಗಳ ತುದಿಯಲ್ಲಿ ನೀಲಿಗಪ್ಪು ಚುಕ್ಕೆಗಳು. ಕಡ್ಡಿಗಳು ಒಂದಕ್ಕೊಂದು ಓರೆಯಾಗಿ ಬಿದ್ದಿರುತ್ತವೆ. ಆದರೆ ಗಂಟಲಲ್ಲಿ ಇದೇ ಕುಟುಂಬದ ನಿರುಪದ್ರವಿ ನೆಂಟರೂ ಇರುತ್ತಾರೆ. ಹಾಗಾಗಿ ಸ್ಲೈಡ್ ಕೊಡುವುದು ಅನುಮಾನವನ್ನು ಮಾತ್ರ. ಟೆಲ್ಯುರೈಟ್ ಎಂಬ ಲವಣ ಇರುವ ರಕ್ತದ ಪ್ಲೇಟಿನಲ್ಲಿ ಒಂದೆರಡು ದಿನಕ್ಕೆ ಬೂದುಗಪ್ಪು ಕಾಲೊನಿಗಳು ಏಳುತ್ತವೆ. ಅಲ್ಲಿಗೆ ಬ್ಯಾಕ್ಟೀರಿಯಾ ಸಿಕ್ಕಿತು. ವಿಷ ಸಿಗಲಿಲ್ಲ!

ಇದು ಪಿಜಿ ವಿದ್ಯಾರ್ಥಿಗಳಿಗೆ ತಲೆಗೆ ಹತ್ತಲು ಸ್ವಲ್ಪ ಸಮಯ ಹಿಡಿಯುತ್ತದೆ. ಡಿಫ್ತೀರಿಯಾ ಬ್ಯಾಕ್ಟೀರಿಯಾದ ಪ್ರತಿ ತಳಿಯೂ ವಿಷ ಮಾಡುವುದಿಲ್ಲ. ವಿಷದ ಜೀನ್ ಅದರ ಸ್ವಂತದ್ದೇ ಅಲ್ಲ, ಬ್ಯಾಕ್ಟೀರಿಯಾದೊಳಗೆ ಸೇರಿಕೊಂಡ ಒಂದು ವೈರಸ್ ತಂದದ್ದು. 1951ರಲ್ಲಿ ಫ್ರೀಮನ್ ಇದನ್ನು ಕಂಡುಹಿಡಿದರು. ಆ ವೈರಸ್ ಹೊಕ್ಕರೆ ಸಾಧು ತಳಿಯೂ ವಿಷ ಉಗುಳಲು ಶುರು ಮಾಡಬಹುದು. ಇನ್ನೊಂದು ವಿಚಿತ್ರ ಏನೆಂದರೆ, ಜೀನ್ ವೈರಸ್‌ದಾದರೂ ಅದರ ಸ್ವಿಚ್ ಬ್ಯಾಕ್ಟೀರಿಯಾದ ಕೈಯಲ್ಲಿದೆ. ಸುತ್ತ ಕಬ್ಬಿಣದ ಅಂಶ ಚೆನ್ನಾಗಿದ್ದರೆ ಸ್ವಿಚ್ ಆಫ್. ಕಬ್ಬಿಣ ಕಡಿಮೆಯಾದರೆ ಆನ್. ನಮ್ಮ ದೇಹ ಕಬ್ಬಿಣವನ್ನು ಬಿಗಿಯಾಗಿ ಬಚ್ಚಿಟ್ಟುಕೊಳ್ಳುತ್ತದೆ ಅಲ್ವಾ? ಹಾಗಾಗಿ ಗಂಟಲಲ್ಲಿ ಸ್ವಿಚ್ ಆನ್ ಆಗಿಯೇ ಇರುತ್ತದೆ.

ಜೀನ್ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿದರೆ ಅದು ಇದೆಯೋ ಇಲ್ಲವೋ ಬೇಗ ಗೊತ್ತಾಗುತ್ತದೆ. ಆದರೆ ಜೀನ್ ಇದ್ದೂ ವಿಷ ಮಾಡದ ತಳಿಗಳಿವೆ. ಅದಕ್ಕೇ 1949ರಷ್ಟು ಹಳೆಯ ಎಲೆಕ್ ಪರೀಕ್ಷೆಯನ್ನು ನಾವಿನ್ನೂ ಬಿಟ್ಟಿಲ್ಲ. ಆಂಟಿಟಾಕ್ಸಿನ್‌ನಲ್ಲಿ, ಅಂದರೆ ವಿಷವನ್ನು ಹಿಡಿದು ಕಟ್ಟಿಹಾಕುವ ಮದ್ದಿನಲ್ಲಿ, ಅದ್ದಿದ ಕಾಗದದ ಪಟ್ಟಿಯನ್ನು ಜೆಲ್ಲಿಯಂಥ ಅಗಾರ್‌ನಲ್ಲಿ ಹೂತು, ಅದಕ್ಕೆ ಅಡ್ಡಲಾಗಿ ಬ್ಯಾಕ್ಟೀರಿಯಾವನ್ನು ಗೆರೆಯಾಗಿ ಎಳೆಯುತ್ತೇವೆ. ಬ್ಯಾಕ್ಟೀರಿಯಾದಿಂದ ವಿಷ, ಕಾಗದದಿಂದ ಆಂಟಿಟಾಕ್ಸಿನ್, ಎರಡೂ ಅಗಾರ್‌ನಲ್ಲಿ ಹರಡುತ್ತವೆ. ಸಂಧಿಸಿದಲ್ಲಿ ಓರೆಯಾಗಿ ಒಂದು ಬಿಳಿ ಗೆರೆ ಮೂಡುತ್ತದೆ.

ಕೇಳಲು ಸುಲಭ. ಓದಲು ಕಷ್ಟ. ಕಪ್ಪು ಹಿನ್ನೆಲೆ ಇಟ್ಟು, ಪಕ್ಕದಿಂದ ಬೆಳಕು ಬಿಟ್ಟು, ಪ್ಲೇಟನ್ನು ಅತ್ತಿತ್ತ ವಾಲಿಸಿ ನೋಡಬೇಕು. 24 ಗಂಟೆಗೆ ಗೆರೆ ಮಸುಕಾಗಿರುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಬೇರೆ ಪ್ರೋಟೀನುಗಳಿಂದ ಸುಳ್ಳು ಗೆರೆಗಳೂ ಏಳುತ್ತವೆ. ನಿಜವಾದ ಗೆರೆ ಪಕ್ಕದ ಪಾಸಿಟಿವ್ ಕಂಟ್ರೋಲ್‌ನ (ವಿಷ ಮಾಡುತ್ತದೆ ಎಂದು ಮೊದಲೇ ಗೊತ್ತಿರುವ ತಳಿಯ) ಗೆರೆಗೆ ಬಾಗಿ ಕೂಡಿಕೊಳ್ಳುತ್ತದೆ, ಸುಳ್ಳು ಗೆರೆ ಅದನ್ನು ದಾಟಿ ಹೋಗುತ್ತದೆ. ನನ್ನದೊಂದು ಹಟ ಇದೆ. ಜಾಸ್ತಿ ವಿಷ ಮಾಡುವ ಕಂಟ್ರೋಲ್ ಒಂದೇ ಇಟ್ಟ ಪ್ಲೇಟನ್ನು ನಾನು ಓದುವುದಿಲ್ಲ. ಸ್ವಲ್ಪವೇ ವಿಷ ಮಾಡುವ ಕಂಟ್ರೋಲ್ ತಳಿಯೂ ಪಕ್ಕದಲ್ಲಿ ಇರಬೇಕು. ಅದರ ಗೆರೆ ಕಂಡರೆ ಮಾತ್ರ ಆ ದಿನದ ಅಗಾರ್, ಸೀರಮ್, ಆಂಟಿಟಾಕ್ಸಿನ್ ಎಲ್ಲ ಸರಿ ಇವೆ ಎಂದರ್ಥ. ಅಗಾರ್‌ನಲ್ಲಿ ಕಬ್ಬಿಣ ತುಸು ಹೆಚ್ಚಿದ್ದರೂ ಗೆರೆ ಮೂಡದೆ ಹೋಗಬಹುದು.

ಎಲೆಕ್ ಪ್ಲೇಟ್ ವಿಷ ಇದೆ ಎಂದು ಹೇಳುತ್ತದೆ. ಕೋಶಕ್ಕೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದು ಬೆಂಗಳೂರಿನ ಒಂದು ಲ್ಯಾಬಿನಲ್ಲಿ, ವೀರೋ ಕೋಶಗಳ ಕೆಲಸ ಕಲಿಯಲು ಹೋದಾಗ. ಇವು ಆಫ್ರಿಕಾದ ಹಸಿರು ಕೋತಿಯೊಂದರ ಮೂತ್ರಪಿಂಡದಿಂದ 1962ರಲ್ಲಿ ಜಪಾನಿನಲ್ಲಿ ಬೆಳೆಸಿದ ಕೋಶಗಳು. ಡಿಫ್ತೀರಿಯಾ ವಿಷಕ್ಕೆ ಬಹಳ ಸೂಕ್ಷ್ಮ. ಅಲ್ಲಿ ಜನರ ರಕ್ತದ ಸೀರಮ್‌ನಲ್ಲಿ ಡಿಫ್ತೀರಿಯಾ ವಿರುದ್ಧ ಎಷ್ಟು ರಕ್ಷಣೆ ಉಳಿದಿದೆ ಎಂದು ಅಳೆಯುತ್ತಿದ್ದರು. 96 ವೆಲ್‌ಗಳ, ಅಂದರೆ ಪುಟ್ಟ ಗುಳಿಗಳ, ಪ್ಲೇಟ್. ಸೀರಮ್ ಅನ್ನು ಸಾಲಾಗಿ ತೆಳುಮಾಡುತ್ತಾ ಹೋಗಿ, ಪ್ರತಿ ವೆಲ್‌ಗೂ ಅಳತೆಯ ವಿಷ ಸೇರಿಸಿ, ಸ್ವಲ್ಪ ಹೊತ್ತು ಬಿಟ್ಟು, ಕೋಶಗಳನ್ನು ಹಾಕುತ್ತೇವೆ. ದ್ರವದಲ್ಲಿ ಫೀನಾಲ್ ರೆಡ್ ಎಂಬ, ಆಮ್ಲ ಸೇರಿದರೆ ಬಣ್ಣ ಬದಲಿಸುವ ವಸ್ತು ಇರುತ್ತದೆ. ಬದುಕಿದ ಕೋಶಗಳು ತಿಂದುಂಡು ಆಮ್ಲ ಬಿಡುತ್ತವೆ, ಕೆಲವು ದಿನಗಳಲ್ಲಿ ವೆಲ್ ಹಳದಿಯಾಗುತ್ತದೆ. ಕೋಶಗಳು ಸತ್ತ ವೆಲ್ ಕೆಂಪಾಗಿಯೇ ಉಳಿಯುತ್ತದೆ. ಸಾಲಿನಲ್ಲಿ ಹಳದಿ ನಿಂತು ಕೆಂಪು ಎಲ್ಲಿ ಶುರುವಾಯಿತು ಎಂದು ನೋಡಿದರೆ ಲೆಕ್ಕ ಸಿಗುತ್ತದೆ. ಮಿಲಿಲೀಟರಿಗೆ 0.1 ಅಂತರರಾಷ್ಟ್ರೀಯ ಯೂನಿಟ್ ಇದ್ದರೆ ಪೂರ್ತಿ ರಕ್ಷಣೆ ಎನ್ನುತ್ತಾರೆ. 0.01ಕ್ಕಿಂತ ಕಡಿಮೆ ಇದ್ದರೆ ರೋಗ ತಗಲುವ ಸ್ಥಿತಿ.

ಬಣ್ಣಕ್ಕಿಂತ ನನ್ನನ್ನು ಹಿಡಿದಿಟ್ಟದ್ದು ಮೈಕ್ರೋಸ್ಕೋಪ್. ವಿಷ ಹಾಕಿ ಒಂದು ಗಂಟೆ ಬಿಟ್ಟು ನೋಡಿದೆ. ಏನೂ ಆಗಿಲ್ಲ. ಕೋಶಗಳು ತಳಕ್ಕೆ ಅಂಟಿಕೊಂಡು ಚಪ್ಪಟೆಯಾಗಿ ಹಾಸಿಕೊಂಡಿವೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ನೋಡಿದರೂ ಅಷ್ಟೇ. ಮರುದಿನ ಅಂಚುಗಳು ಮುದುಡಿ, ಕೋಶಗಳು ಗುಂಡಗಾಗಿ, ಕೆಲವು ತಳ ಬಿಟ್ಟು ತೇಲುತ್ತಿದ್ದವು. ಇದನ್ನು ಸ್ಟಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಆಲ್ಫಾ ವಿಷದ ಜೊತೆ ಹೋಲಿಸಿ ನೋಡಿ. ಅದು ಏಳು ಅಣುಗಳು ಸುತ್ತಲೂ ಸೇರಿ ಕೋಶದ ಪೊರೆಗೆ ತೂತು ಕೊರೆಯುತ್ತದೆ. ಮೊಲದ ಕೆಂಪು ರಕ್ತಕಣಗಳಿಗೆ ಹಾಕಿದರೆ ಮೋಡದಂತಿದ್ದ ಟ್ಯೂಬ್ ಕಣ್ಣೆದುರೇ ತಿಳಿಯಾಗುತ್ತದೆ. ಡಿಫ್ತೀರಿಯಾ ವಿಷ ಹಾಗೆ ಹೊರಗಿನಿಂದ ಒಡೆಯುವುದಿಲ್ಲ. ಒಳಗೆ ಹೋಗಿ ಕೆಲಸ ನಿಲ್ಲಿಸುತ್ತದೆ.

ಹೇಗೆ ಒಳಗೆ ಹೋಗುತ್ತದೆ? ಈ ವಿಷ 535 ಅಮೈನೋ ಆಮ್ಲಗಳ ಒಂದು ಪ್ರೋಟೀನ್. ಅದರಲ್ಲಿ ಎರಡು ತುಂಡು, ಎ ಮತ್ತು ಬಿ. ಬಿ ತುಂಡು ಹಮಾಲಿ ಇದ್ದಂತೆ, ಎ ತುಂಡನ್ನು ಹೊತ್ತು ಮನೆಯೊಳಗೆ ಇಳಿಸುವುದಷ್ಟೇ ಅದರ ಕೆಲಸ. ಕೋಶದ ಮೇಲೆ ಎಚ್‌ಬಿ-ಇಜಿಎಫ್ ಎಂಬ ಬೆಳವಣಿಗೆಯ ಪ್ರೋಟೀನಿನ ಮೂಲರೂಪ ಇರುತ್ತದೆ. ಬಿ ತುಂಡು ಅದನ್ನೇ ಹಿಡಿದುಕೊಳ್ಳುತ್ತದೆ. ಕೋಶ ಏನೂ ತಿಳಿಯದೆ ಅದನ್ನು ಒಂದು ಪುಟ್ಟ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತದೆ. ಚೀಲದೊಳಗೆ ಆಮ್ಲ ಹೆಚ್ಚುತ್ತದೆ. ಆ ಹುಳಿಗೆ ಬಿ ತುಂಡು ಆಕಾರ ಬದಲಿಸಿ ಚೀಲದ ಗೋಡೆಗೆ ತೂರಿಕೊಂಡು, ಎ ತುಂಡನ್ನು ಆಚೆ ದಾಟಿಸುತ್ತದೆ.

ಇದನ್ನು ನಂಬಬೇಕಾಗಿಲ್ಲ, ಮಾಡಿ ನೋಡಬಹುದು. ಅಮೋನಿಯಂ ಕ್ಲೋರೈಡ್ ಹಾಕಿದರೆ ಚೀಲದೊಳಗಿನ ಹುಳಿ ಇಳಿಯುತ್ತದೆ. ಅದನ್ನು ಮೊದಲೇ ಹಾಕಿದ ವೆಲ್‌ಗಳಲ್ಲಿ ವಿಷ ಇದ್ದರೂ ಕೋಶಗಳು ಹಾಯಾಗಿದ್ದವು. ಪಕ್ಕದಲ್ಲಿ ಇಲಿಯ ಕೋಶಗಳನ್ನೂ ಇಟ್ಟಿದ್ದೆವು. ವೀರೋ ಕೋಶಗಳು ಸತ್ತ ಪ್ರಮಾಣದಲ್ಲಿ ಅವಕ್ಕೆ ಏನೂ ಆಗಲಿಲ್ಲ. ಇಲಿಯ ಎಚ್‌ಬಿ-ಇಜಿಎಫ್ ಸ್ವಲ್ಪ ಬೇರೆ, ವಿಷಕ್ಕೆ ಹಿಡಿತ ಸಿಗುವುದಿಲ್ಲ. ಹೇಗಾದರೂ ಮಾಡಿ ಎ ತುಂಡನ್ನು ಒಳಗೆ ಸೇರಿಸಿಬಿಟ್ಟರೆ ಇಲಿಯ ಕೋಶವೂ ಸಾಯುತ್ತದೆ.

ಒಳಗೆ ಬಿದ್ದ ಎ ತುಂಡು ಹುಡುಕಿಕೊಂಡು ಹೋಗುವುದು ಇಎಫ್-2 ಎಂಬ ಪ್ರೋಟೀನನ್ನು. ಕೋಶದಲ್ಲಿ ಪ್ರೋಟೀನ್ ಕಟ್ಟುವ ಯಂತ್ರವೇ ರೈಬೋಸೋಮ್. ಅದು ಆರ್‌ಎನ್‌ಎ ಮೇಲೆ ಒಂದೊಂದೇ ಹೆಜ್ಜೆ ಮುಂದೆ ಸರಿಯಲು ಇಎಫ್-2 ಬೇಕು. ಎ ತುಂಡು ಕೋಶದಲ್ಲೇ ಇರುವ ಎನ್‌ಎಡಿ ಎಂಬ ಅಣುವಿನಿಂದ ಎಡಿಪಿ-ರೈಬೋಸ್ ಎಂಬ ಭಾಗವನ್ನು ಕಿತ್ತು ಇಎಫ್-2ಗೆ ಅಂಟಿಸುತ್ತದೆ. ಮುಗಿಯಿತು, ಹೆಜ್ಜೆ ನಿಂತಿತು. ಎ ತುಂಡು ಎಂಜೈಮ್, ಈ ಕೆಲಸದಲ್ಲಿ ತಾನು ಖರ್ಚಾಗುವುದಿಲ್ಲ. ಒಂದಾದ ಮೇಲೆ ಒಂದು ಅಂಟಿಸುತ್ತಲೇ ಹೋಗುತ್ತದೆ. ಒಳಗೆ ಸೇರಿದ ಒಂದೇ ಒಂದು ಎ ತುಂಡು ಒಂದು ಕೋಶವನ್ನು ಕೊಲ್ಲಬಲ್ಲದು ಎಂದು 1978ರಲ್ಲಿ ಜಪಾನಿನ ವಿಜ್ಞಾನಿಗಳು ತೋರಿಸಿದರು. ಕಾಲರಾ ವಿಷವೂ ಎಡಿಪಿ-ರೈಬೋಸ್ ಅಂಟಿಸುವ ಜಾತಿಯದೇ. ಆದರೆ ಅಂಟಿಸುವ ಜಾಗ ಬೇರೆ, ಹಾಗಾಗಿ ಅಲ್ಲಿ ಕೋಶ ಸಾಯುವುದಿಲ್ಲ, ನೀರು ಸುರಿಸುತ್ತದೆ. ಅದು ವಿಷದ್ದೇ ಕೆಲಸ ಎಂದು 1959ರಲ್ಲಿ ಕಲ್ಕತ್ತೆಯಲ್ಲಿ ಕೂತು ತೋರಿಸಿದವರು ನಮ್ಮ ಶಂಭುನಾಥ ಡೇ. ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ಗೊತ್ತಿಲ್ಲದಿರುವುದು ನನಗೆ ಬೇಸರದ ವಿಷಯ.

ನಾನು ಬೆಂಗಳೂರಿನಲ್ಲಿ ಮಾಡಿದ್ದರಲ್ಲಿ ಮುಖ್ಯವಾದದ್ದು ಬೇರೆಯೇ ಇದೆ. ಕೋಶಗಳನ್ನು ಮಂಜುಗಡ್ಡೆಯ ಮೇಲಿಟ್ಟು ವಿಷ ಹಾಕಿದೆ. ಆ ಚಳಿಯಲ್ಲಿ ವಿಷ ಮೇಲ್ಮೈಗೆ ಅಂಟುತ್ತದೆ, ಒಳಗೆ ಹೋಗುವುದಿಲ್ಲ. ಅಂಟದೆ ಉಳಿದ ವಿಷವನ್ನು ತೊಳೆದು ತೆಗೆದೆ. ಆಮೇಲೆ ಪ್ಲೇಟನ್ನು 37 ಡಿಗ್ರಿಗೆ ತಂದು, ಬೇರೆ ಬೇರೆ ಹೊತ್ತಿಗೆ ಆಂಟಿಟಾಕ್ಸಿನ್ ಹಾಕುತ್ತಾ ಹೋದೆ. ಬೆಚ್ಚಗಾಗುವ ಮೊದಲೇ ಹಾಕಿದ ಸಾಲಿನಲ್ಲಿ ಬಹುಪಾಲು ಕೋಶಗಳು ಉಳಿದವು. ಅರ್ಧ ಗಂಟೆ ತಡವಾದ ಸಾಲಿನಲ್ಲಿ ಉಳಿದದ್ದು ಕಡಿಮೆ. ಒಂದೆರಡು ಗಂಟೆ ಕಳೆದ ಮೇಲೆ ಹಾಕಿದ ಸಾಲಿಗೂ ಆಂಟಿಟಾಕ್ಸಿನ್ ಹಾಕದ ಸಾಲಿಗೂ ವ್ಯತ್ಯಾಸ ಕಾಣಲಿಲ್ಲ. ಮಜಾ ಏನೆಂದರೆ, ಆ ಎರಡು ಗಂಟೆಯಲ್ಲಿ ಮೈಕ್ರೋಸ್ಕೋಪ್‌ನಲ್ಲಿ ಕೋಶಗಳು ಚೆನ್ನಾಗಿಯೇ ಕಾಣುತ್ತಿದ್ದವು! ಆಂಟಿಟಾಕ್ಸಿನ್ ದೊಡ್ಡ ಅಣು, ಕೋಶದ ಒಳಗಿನ ವಿಷವನ್ನು ಅದು ಮುಟ್ಟಲಾರದು. ಹೊರಗೆ ಸುತ್ತಾಡುತ್ತಿರುವುದನ್ನು ಮಾತ್ರ ಹಿಡಿಯುತ್ತದೆ.

ಊರಿಗೆ ಬಂದು ವಾರ್ಡ್ ಕಡೆ ನೋಡಿದಾಗ ಎಷ್ಟೋ ವಿಷಯ ಹೊಂದಿಕೆಯಾಯಿತು. ಮಗುವಿನ ಜ್ವರ ಇಳಿದಿದೆ, ಪೊರೆ ಬಿಟ್ಟಿದೆ, ಮನೆಯವರು ಮನೆಗೆ ಕಳಿಸಿ ಎನ್ನುತ್ತಿದ್ದಾರೆ. ಆಗ, ಮೊದಲ ಎರಡು ವಾರದೊಳಗೆ, ಹೃದಯದ ಬಡಿತ ಏರುಪೇರಾಗುತ್ತದೆ. ಇನ್ನೂ ಕೆಲವು ಮಕ್ಕಳಲ್ಲಿ ನರಗಳ ಹೊದಿಕೆ ಹಾಳಾಗಿ ಮೂರನೇ ವಾರದ ಸುಮಾರಿಗೆ ಅಂಗುಳು ಸೋಲುತ್ತದೆ. ಒಬ್ಬ ಅಜ್ಜಿ ಮೊಮ್ಮಗನನ್ನು ಕರೆತಂದು, "ನೀರ್ ಕುಡದ್ರ ಮೂಗಿನ್ಯಾಗಿಂದ ಬರ್ತಾವ್ರೀ, ಮಾತೂ ಮೂಗಿನ್ಯಾಗ ಆಗ್ಯದ" ಎಂದು ಮಕ್ಕಳ ವಿಭಾಗದಲ್ಲಿ ಹೇಳುತ್ತಿದ್ದರು. ಗಂಟಲು ನೋವು ಬಂದು ಹೋದದ್ದನ್ನು ಅವರು ಮರೆತೇಬಿಟ್ಟಿದ್ದರು.

ಆಂಟಿಟಾಕ್ಸಿನ್ ಡೋಸ್ ಕೂಡ ಈ ಲೆಕ್ಕದಲ್ಲೇ ಇದೆ. ಇದಕ್ಕೆ ಮಗುವಿನ ತೂಕ ನೋಡುವುದಿಲ್ಲ. ಪೊರೆ ಎಲ್ಲಿ, ಎಷ್ಟು ದಿನವಾಯಿತು ಎಂದು ನೋಡುತ್ತಾರೆ. ಬಹಳ ಕಾಲದಿಂದ ಪಾಲಿಸುತ್ತಿರುವ ಪಟ್ಟಿಯಲ್ಲಿ, ಗಂಟಲಿಗಷ್ಟೇ ಇದ್ದು ಎರಡು ದಿನದೊಳಗೆ ಬಂದರೆ 20,000ದಿಂದ 40,000 ಯೂನಿಟ್. ಮೂರು ದಿನ ದಾಟಿದ್ದರೆ, ಇಲ್ಲವೇ ಕುತ್ತಿಗೆ ಊದಿಕೊಂಡಿದ್ದರೆ, 80,000ದಿಂದ 1,00,000. ಇದು ಕುದುರೆಯ ಸೀರಮ್, ಮೈಗೆ ಒಗ್ಗದಿರುವ ಅಪಾಯ ಇದೆ. ಎಚ್ಚರದಿಂದಲೇ ಕೊಡಬೇಕು. ಪೆನಿಸಿಲಿನ್ ಅಥವಾ ಎರಿಥ್ರೋಮೈಸಿನ್ ಬ್ಯಾಕ್ಟೀರಿಯಾವನ್ನು ಕೊಂದು ಹೊಸ ವಿಷ ತಯಾರಾಗುವುದನ್ನು ನಿಲ್ಲಿಸುತ್ತದೆ, ಆಗಲೇ ಬಿಟ್ಟ ವಿಷವನ್ನು ಏನೂ ಮಾಡುವುದಿಲ್ಲ. ತಡವಾಗಿ ಬಂದ ಮಗುವಿಗೂ ಆಂಟಿಟಾಕ್ಸಿನ್ ಕೊಡುತ್ತೇವೆ. ಪ್ಲೇಟಿನಲ್ಲಿ ನಾನು ಒಂದೇ ಸಲ ವಿಷ ಹಾಕಿದ್ದೆ, ಗಂಟಲು ಹಾಗಲ್ಲ, ಹಾಕುತ್ತಲೇ ಇರುತ್ತದೆ. ಇನ್ನೂ ಏಟು ಬೀಳದ ಕೋಶಗಳಾದರೂ ಉಳಿಯಲಿ.

ಮಕ್ಕಳ ವಿಭಾಗದಿಂದ ಫೋನ್ ಬಂದರೆ ಮೊದಲ ಪ್ರಶ್ನೆ, "ಮೇಡಂ, ರಿಪೋರ್ಟ್ ಯಾವಾಗ ಸಿಗುತ್ತೆ?" ನಾನು ಹೇಳುವುದು ಒಂದೇ: "ರಿಪೋರ್ಟ್‌ಗೆ ಕಾಯಬೇಡಿ ಡಾಕ್ಟ್ರೇ. ನಿಮಗೆ ಅನುಮಾನ ಇದ್ದರೆ ಶುರು ಮಾಡಿಬಿಡಿ." ಲ್ಯಾಬಿನವಳೇ ಹೀಗೆ ಹೇಳಿದರೆ ಕೆಲವರಿಗೆ ವಿಚಿತ್ರ ಅನ್ನಿಸುತ್ತದೆ. ಆದರೆ ಟೆಲ್ಯುರೈಟ್ ಪ್ಲೇಟಿಗೆ ಒಂದೆರಡು ದಿನ, ಎಲೆಕ್‌ಗೆ ಮತ್ತೆ ಒಂದೆರಡು ದಿನ. ನಾನು ಬಿಳಿ ಗೆರೆ ನೋಡುವ ಹೊತ್ತಿಗೆ ವಿಷ ಎಲ್ಲೆಲ್ಲಿಗೋ ಹೋಗಿರುತ್ತದೆ.

ಹಾಗಾದರೆ ಎಲೆಕ್ ಯಾಕೆ? ಮನೆಯವರಿಗಾಗಿ, ಓಣಿಗಾಗಿ, ಶಾಲೆಗಾಗಿ. ವಿಷ ಮಾಡುವ ತಳಿ ಎಂದು ಖಚಿತವಾದರೆ ಆರೋಗ್ಯ ಇಲಾಖೆಯವರು ಜೊತೆಗಿದ್ದವರ ಗಂಟಲನ್ನೂ ನೋಡುತ್ತಾರೆ, ಮಾತ್ರೆ ಕೊಡುತ್ತಾರೆ, ಯಾರಿಗೆ ಲಸಿಕೆ ಬಾಕಿ ಎಂದು ಹುಡುಕುತ್ತಾರೆ. ಲಸಿಕೆಯಲ್ಲಿರುವುದು ಫಾರ್ಮಾಲಿನ್‌ನಿಂದ ಹಲ್ಲು ಕಿತ್ತ ಇದೇ ವಿಷ. ಅದು ವಿಷವನ್ನು ತಡೆಯುವುದನ್ನು ಕಲಿಸುತ್ತದೆ, ಗಂಟಲಲ್ಲಿ ಬ್ಯಾಕ್ಟೀರಿಯಾ ಕೂರುವುದನ್ನು ಪೂರ್ತಿ ತಡೆಯುವುದಿಲ್ಲ. ಹಾಗಾಗಿ ಲಸಿಕೆ ಹಾಕಿಸಿಕೊಂಡು ಗಟ್ಟಿಮುಟ್ಟಾಗಿರುವ ಅಣ್ಣನಿಂದ ಲಸಿಕೆ ಇಲ್ಲದ ತಂಗಿಗೆ ತಗಲಬಹುದು. 6, 10, 14ನೇ ವಾರದ ಪೆಂಟಾವೇಲೆಂಟ್ (ಡಿಫ್ತೀರಿಯಾ ಸೇರಿ ಐದು ರೋಗಗಳ ಲಸಿಕೆ) ತಪ್ಪಿಸುವವರು ಕಡಿಮೆ. ಒಂದೂವರೆ ವರ್ಷದ್ದು, 5-6 ವರ್ಷದ್ದು, 10 ಮತ್ತು 16ನೇ ವಯಸ್ಸಿನ ಟಿಡಿ (ಟೆಟನಸ್-ಡಿಫ್ತೀರಿಯಾ ಲಸಿಕೆ), ಇವೇ ಜಾಸ್ತಿ ತಪ್ಪುವುದು. ರೋಗದಿಂದ ಗುಣವಾದ ಮಗುವಿಗೂ ಮನೆಗೆ ಹೋಗುವ ಮುಂಚೆ ಲಸಿಕೆ ಹಾಕಿಸಿ ಎಂದು ರಿಪೋರ್ಟಿನ ಕೆಳಗೆ ಪೆನ್ನಿನಲ್ಲಿ ಬರೆದೇ ಕಳಿಸುತ್ತೇನೆ, ಯಾಕೆಂದರೆ ಈ ರೋಗ ಒಮ್ಮೆ ಬಂದರೂ ರಕ್ಷಣೆ ಬಂದೇ ಬರುತ್ತದೆ ಎನ್ನುವಂತಿಲ್ಲ.