ಕಹಿ ಬಾಲ್ಯದ ಆತ್ಮಕಥೆ: ಭಾಷೆಯನ್ನು ಓದುವುದು ಹೇಗೆ?

ಕಷ್ಟದ ಬಾಲ್ಯದ ಆತ್ಮಕಥೆ ಓದಿ ಮುಗಿಸಿದವರನ್ನು 'ಹೇಗಿತ್ತು?' ಅಂತ ಕೇಳಿ ನೋಡಿ. 'ಮನ ಕಲಕಿತು' ಅನ್ನುತ್ತಾರೆ. ಸರಿ, ಯಾವ ಸಾಲಿನಲ್ಲಿ? ಆ ಸಾಲಿನಲ್ಲಿ ಅಂಥದ್ದೇನಿತ್ತು? ಅಲ್ಲಿಗೆ ಮಾತು ನಿಂತುಬಿಡುತ್ತದೆ. ಪರೀಕ್ಷೆಗೆ ಉತ್ತರ ಬರೆಯುವವರದ್ದೂ, ಪುಸ್ತಕ ಪರಿಚಯ ಬರೆಯುವವರದ್ದೂ ಇದೇ ಪಾಡು. ಮುಕ್ಕಾಲು ಪಾಲು ಕಥೆಯ ಸಾರಾಂಶ, ಕೊನೆಗೊಂದಿಷ್ಟು ಹೊಗಳಿಕೆ. ಭಾಷೆಯ ಬಗ್ಗೆ ಮಾತೇ ಇರುವುದಿಲ್ಲ.

ಭಾಷೆಯನ್ನು ಹಿಡಿಯುವುದಕ್ಕೆ ಒಂದು ಪ್ರಶ್ನೆ ಕೈಯಲ್ಲಿದ್ದರೆ ಸಾಕು. ಈ ವಾಕ್ಯದಲ್ಲಿರುವ ತಿಳಿವಳಿಕೆ ಯಾರದ್ದು? ಅನುಭವಿಸಿದ್ದು ಏಳು ವರ್ಷದ ಮಗು. ಬರೆಯುತ್ತಿರುವುದು ಐವತ್ತೋ ಅರವತ್ತೋ ದಾಟಿದ ಮನುಷ್ಯ. ಇಬ್ಬರೂ ತಮ್ಮನ್ನು 'ನಾನು' ಅಂತಲೇ ಕರೆದುಕೊಳ್ಳುತ್ತಾರೆ. ಈ ಇಬ್ಬರ ನಡುವಿನ ಅಂತರವನ್ನು ಬರಹಗಾರ ಎಲ್ಲಿ ಹಿಗ್ಗಿಸಿದ, ಎಲ್ಲಿ ಮುಚ್ಚಿಬಿಟ್ಟ ಅನ್ನುವುದನ್ನು ಹುಡುಕುವುದೇ ನಮ್ಮ ಕೆಲಸ. ಉಳಿದದ್ದೆಲ್ಲ ಇದರ ಹಿಂದೆಯೇ ಬರುತ್ತದೆ.

ಮೊದಲು ಅರ್ಧ ಪುಟ ಆರಿಸಿಕೊಳ್ಳಿ

ಇಡೀ ಪುಸ್ತಕಕ್ಕೆ ಕೈ ಹಾಕಬೇಡಿ. ಒಮ್ಮೆ ಸುಮ್ನೆ ಓದಿಕೊಂಡು ಹೋಗಿ. ಎಲ್ಲಿ ಓದು ತಡವರಿಸಿತೋ, ಎಲ್ಲಿ ಹಿಂದಿನ ಸಾಲಿಗೆ ಮರಳಬೇಕು ಅನ್ನಿಸಿತೋ ಅಲ್ಲೊಂದು ಗೆರೆ ಎಳೆಯಿರಿ. ಕಾರಣ ಆಮೇಲೆ. ಒಂದೇ ಮಾತು ನೆನಪಿರಲಿ: ಅತ್ತ ಜಾಗವೇ ಮುಖ್ಯ ಜಾಗ ಆಗಿರಬೇಕಿಲ್ಲ. ನಕ್ಕ ಜಾಗ, ಗೊಂದಲವಾದ ಜಾಗ ಎಷ್ಟೋ ಸಲ ಹೆಚ್ಚು ಹೇಳುತ್ತವೆ.

ಅಭ್ಯಾಸಕ್ಕೆಂದೇ ಬರೆದ ಒಂದು ತುಣುಕು ಇಲ್ಲಿದೆ:

'ಚಪ್ಪಲಿ ಬಿಡುವ ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು. ಎರಡೂ ಒಟ್ಟಿಗೆ ಬಿದ್ದರೆ ಪುಸ್ತಕ ಮುಚ್ಚಬೇಕಿಲ್ಲ. ಒಂದು ಬಿದ್ದು ಇನ್ನೊಂದು ತಡವಾದರೆ ತಂಗಿಯನ್ನು ಎಬ್ಬಿಸಿ ಹಿತ್ತಲಿಗೆ ಕರೆದುಕೊಂಡು ಹೋಗುವುದು ನನ್ನ ಕೆಲಸ. ಅದರಲ್ಲಿ ನಾನು ಜಾಣ. ಆ ದಿನ ತಂಗಿ ಏಳಲಿಲ್ಲ. ಬೆಳಿಗ್ಗೆ ಗಾಜಿನ ಚೂರು ಗುಡಿಸಿ ಆಗಿತ್ತು. ಶಾಲೆಯಲ್ಲಿ ಅವತ್ತು ಏಳರ ಮಗ್ಗಿ. ನಾನು ತಪ್ಪಿಲ್ಲದೆ ಹೇಳಿದೆ.'

ಭಯ, ನೋವು, ಕಣ್ಣೀರು ಯಾವ ಪದವೂ ಇಲ್ಲ. ಹಾಗಾದರೆ ಹೆದರಿಕೆ ಎಲ್ಲಿಂದ ಬಂತು?

ಕ್ರಿಯಾಪದದ ಬಾಲ ನೋಡಿ

ನಾವು ಸಾಮಾನ್ಯವಾಗಿ ವಿಶೇಷಣ, ಉಪಮೆ, ರೂಪಕ ಹುಡುಕಿಕೊಂಡು ಹೊರಡುತ್ತೇವೆ. ಶಾಲೆಯಲ್ಲಿ ಕಲಿಸಿದ್ದು ಅದನ್ನೇ ಅಲ್ವಾ! ಬಾಲ್ಯದ ಬರಹದಲ್ಲಿ ಜಾಸ್ತಿ ಕೆಲಸ ಮಾಡುವುದು ಕ್ರಿಯಾಪದ. 'ತಿಳಿಯುತ್ತಿತ್ತು' ಅಂದಾಗ ಅದು ದಿನವೂ ನಡೆಯುತ್ತಿದ್ದ ಸಂಗತಿ. ಒಂದು ಮನೆಯ ರೂಢಿ, ಮಗು ಅದಕ್ಕೆ ಒಗ್ಗಿಕೊಂಡಿದೆ. 'ಏಳಲಿಲ್ಲ' ಅಂದ ಕೂಡಲೇ ರೂಢಿ ಮುರಿಯಿತು, ಒಂದು ನಿರ್ದಿಷ್ಟ ರಾತ್ರಿ ಬಂತು. 'ಉತ್ತಿತ್ತು'ಗಳ ಸಾಲಿನ ನಡುವೆ ಇಂಥ ಒಂಟಿ ಭೂತಕಾಲ ಬಂದ ಕಡೆ ನಿಲ್ಲಿ. ಬರಹಗಾರ ಮರೆಯಲಾರದ ದಿನ ಹೆಚ್ಚಾಗಿ ಅಲ್ಲೇ ಇರುತ್ತದೆ.

ಇನ್ನು 'ಗುಡಿಸಿ ಆಗಿತ್ತು'. ಗುಡಿಸಿದ್ದು ಯಾರು? ಗಾಜು ಒಡೆದದ್ದು ಯಾರು? ಅಷ್ಟೇಕೆ, ಚಪ್ಪಲಿ ಬಿಟ್ಟದ್ದು ಯಾರು? ತುಣುಕಿನಲ್ಲಿ 'ಅಪ್ಪ' ಅನ್ನುವ ಪದವೇ ಇಲ್ಲ, ಕುಡಿತದ ಸುದ್ದಿಯೂ ಇಲ್ಲ. ಅವನ್ನು ಸೇರಿಸಿಕೊಂಡದ್ದು ನಾವು. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಕಟ್ಟುವುದು ಸಲೀಸು. ಗಾಜು ಒಡೆಯಿತು, ಬಾಗಿಲು ಮುಚ್ಚಿತು, ಏಟು ಬಿತ್ತು. ದೊಡ್ಡವರು ಮಾಡಿದ್ದೆಲ್ಲ ತಾನಾಗಿಯೇ ಆದ ಹಾಗೆ ಮಗುವಿಗೆ ಕಾಣುತ್ತದೆ. ಒಬ್ಬ ವ್ಯಕ್ತಿಯ ಹೆಸರು ಹೇಳುವ ಧೈರ್ಯ ಮಗುವಿಗೂ ಇಲ್ಲ, ಕೆಲವೊಮ್ಮೆ ಬರೆಯುವ ಹಿರಿಯನಿಗೂ ಇನ್ನೂ ಬಂದಿಲ್ಲ. ಎರಡರಲ್ಲಿ ಯಾವುದು ಅಂತ ಸುತ್ತಲಿನ ಪುಟಗಳನ್ನು ನೋಡಿಯೇ ತೀರ್ಮಾನಿಸಬೇಕು.

ಗೌರವದ ಬಹುವಚನವನ್ನೂ ಗಮನಿಸಿ. ಪುಸ್ತಕದುದ್ದಕ್ಕೂ 'ಅಪ್ಪ ಬಂದರು' ಅಂತ ಬರೆದವರು ಒಂದೇ ಕಡೆ 'ಅಪ್ಪ ಬಂದ' ಅಂದರೆ ಅದು ಅಚ್ಚಿನ ತಪ್ಪೂ ಆಗಿರಬಹುದು, ಇಡೀ ಅಧ್ಯಾಯದ ಕೀಲಿಯೂ ಆಗಿರಬಹುದು.

ಮಾತಾಡುತ್ತಿರುವುದು ಮಗುವೋ, ಹಿರಿಯರೋ?

'ಅದರಲ್ಲಿ ನಾನು ಜಾಣ' ಅನ್ನುವ ಸಾಲಿಗೆ ಬನ್ನಿ. ನನಗೆ ಇಡೀ ತುಣುಕಿನ ಅತಿ ಭಾರವಾದ ಸಾಲು ಇದು. ಮಗುವಿಗೆ ಹೆಮ್ಮೆ. ಓದುವವರಿಗೆ ಸಂಕಟ. ಮಗುವಿಗೆ ಗೊತ್ತಿಲ್ಲದ್ದು ನಮಗೆ ಗೊತ್ತು, ಆದರೆ ಬರಹಗಾರ ಅದನ್ನು ಬಾಯಿ ಬಿಟ್ಟು ಹೇಳಿಲ್ಲ. ಬದಲಿಗೆ 'ಆ ವಯಸ್ಸಿಗೇ ನನ್ನ ಮೇಲೆ ಇಂಥ ಹೊರೆ ಬಿದ್ದಿತ್ತು' ಅಂತ ಬರೆದಿದ್ದರೆ ಅದು ಹಿರಿಯನ ವಿವರಣೆ. ತಪ್ಪಲ್ಲ, ಆದರೆ ನಾವು ಮಾಡಬೇಕಾದ ಕೆಲಸವನ್ನು ಅವನೇ ಮಾಡಿ ಮುಗಿಸಿದಂತಾಯಿತು.

ಈ ಅಂತರವನ್ನು ನಿಭಾಯಿಸುವ ದಾರಿಗಳು ಹಲವು. ಐರಿಷ್-ಅಮೆರಿಕನ್ ಲೇಖಕ ಫ್ರಾಂಕ್ ಮೆಕೋರ್ಟ್ ಅವರ ಬಾಲ್ಯದ ಆತ್ಮಕಥೆ 'ಏಂಜೆಲಾಸ್ ಆಶಸ್' 1996ರಲ್ಲಿ ಬಂತು. ಆಗ ಅವರಿಗೆ 66 ವರ್ಷ. ಪುಸ್ತಕ ಶುರುವಾಗುವುದು ಹಿರಿಯನ ಭೂತಕಾಲದ ದನಿಯಲ್ಲಿ. ಕೆಲವೇ ಪುಟಗಳಲ್ಲಿ ಮೂರು ವರ್ಷದ ಹುಡುಗನ ವರ್ತಮಾನಕ್ಕೆ ಜಾರಿಕೊಳ್ಳುತ್ತದೆ. ಸಂಭಾಷಣೆಗೆ ಉದ್ಧರಣ ಚಿಹ್ನೆ ಇಲ್ಲ. ಯಾರ ಮಾತು ಎಲ್ಲಿ ಮುಗಿಯಿತು ಅಂತ ಗೊತ್ತಾಗದೆ, ದೊಡ್ಡವರ ಮಾತುಗಳು ಹುಡುಗನ ತಲೆಯೊಳಗೇ ಕಲಸಿಕೊಂಡಂತೆ ಕೇಳುತ್ತವೆ. ದಕ್ಷಿಣ ಆಫ್ರಿಕಾ ಮೂಲದ ಕಾದಂಬರಿಕಾರ ಜೆ.ಎಂ. ಕುಟ್ಸೀ 1997ರ 'ಬಾಯ್‌ಹುಡ್'ನಲ್ಲಿ ತಮ್ಮನ್ನೇ 'ಅವನು' ಅಂತ ಕರೆದುಕೊಂಡು, ಅದನ್ನೂ ವರ್ತಮಾನ ಕಾಲದಲ್ಲೇ ಬರೆದರು. ಅನುಕಂಪಕ್ಕೆ ಜಾಗವೇ ಇಲ್ಲದಂಥ ಚಳಿ ಅದರಲ್ಲಿದೆ. ಫ್ರೆಂಚ್ ಲೇಖಕಿ ನತಾಲಿ ಸರೋಟ್ 1983ರ 'ಆಂಫಾನ್ಸ್' (ಬಾಲ್ಯ) ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಲ್ಲಿ ಎರಡು ದನಿಗಳಿವೆ, ಎರಡೂ ಅವರದ್ದೇ. ಒಂದು ನೆನಪಿಸಿಕೊಳ್ಳುತ್ತದೆ. ಇನ್ನೊಂದು ಅದು ಅಲಂಕಾರಕ್ಕೆ ಜಾರಿದಾಗಲೆಲ್ಲ ತಡೆದು ಪ್ರಶ್ನಿಸುತ್ತದೆ.

ನಿಮ್ಮ ಪುಟದಲ್ಲೂ ಎರಡು ಬಣ್ಣದ ಪೆನ್ಸಿಲ್ ಹಿಡಿದು ಮಗುವಿನ ತಿಳಿವಳಿಕೆ ಒಂದರಲ್ಲಿ, ಹಿರಿಯನದ್ದು ಇನ್ನೊಂದರಲ್ಲಿ ಗುರುತು ಮಾಡಿ. ಬಣ್ಣ ಬದಲಾಗುವ ಗಡಿಯೇ ನಿಮ್ಮ ವಿಶ್ಲೇಷಣೆಯ ವಸ್ತು. ಎರಡೂ ಬಣ್ಣ ಒಂದೇ ವಾಕ್ಯಕ್ಕೆ ಬಿದ್ದರೆ ಇನ್ನೂ ಒಳ್ಳೆಯದು.

ಬಿಟ್ಟದ್ದನ್ನೂ ಓದಿ

'ತಂಗಿ ಏಳಲಿಲ್ಲ', 'ಬೆಳಿಗ್ಗೆ ಗಾಜಿನ ಚೂರು'. ಈ ಎರಡು ವಾಕ್ಯಗಳ ನಡುವೆ ಒಂದಿಡೀ ರಾತ್ರಿ ಕಾಣೆಯಾಗಿದೆ. ಅದರ ಬದಲು ನಮಗೆ ಸಿಕ್ಕಿದ್ದು ಏಳರ ಮಗ್ಗಿ. ಸಂಬಂಧವೇ ಇಲ್ಲದಂತೆ ಕಾಣುವ ಇಂಥ ಪುಟ್ಟ ವಿವರ ಬಂದಾಗ ಕೇಳಿಕೊಳ್ಳಿ: ಇದು ಯಾವುದರ ಜಾಗದಲ್ಲಿ ಬಂದು ಕೂತಿದೆ?

ತಣ್ಣಗಿನ ದನಿಯೂ ಒಂದು ಬಗೆಯ ಬಿಡುವಿಕೆಯೇ. 2022ರ ಸಾಹಿತ್ಯ ನೊಬೆಲ್ ಪಡೆದ ಫ್ರೆಂಚ್ ಲೇಖಕಿ ಆನಿ ಎರ್ನೋ ಅವರ 'ಲಾ ಒಂಟ್' (ನಾಚಿಕೆ) ಪುಸ್ತಕದ ಮೊದಲ ವಾಕ್ಯವೇ ಅಪ್ಪನು ಅಮ್ಮನನ್ನು ಕೊಲ್ಲಲು ಹೋದ ಸಂಗತಿ ಹೇಳುತ್ತದೆ. ಅದರ ಜೊತೆಗೇ ತಿಂಗಳು, ವಾರ, ಹೊತ್ತು. ವರದಿ ಬರೆದಂತೆ. ಒಂದು ಉದ್ಗಾರವೂ ಇಲ್ಲ.

ನಗೆಯನ್ನೂ ಇಲ್ಲೇ ಸೇರಿಸಿಕೊಳ್ಳಿ. ಸಿದ್ಧಲಿಂಗಯ್ಯನವರ 'ಊರು ಕೇರಿ' ಓದಿದವರಿಗೆ ಗೊತ್ತು, ಹಸಿವು ಅವಮಾನಗಳ ನಡುವೆಯೂ ಓದುಗ ಜೋರಾಗಿ ನಗುತ್ತಾನೆ. 'ಕಷ್ಟವನ್ನು ಹಗುರವಾಗಿ ಹೇಳಿದ್ದಾರೆ' ಅಂತ ಬರೆದು ಮುಗಿಸಿದರೆ ಅನ್ಯಾಯವಾಗುತ್ತದೆ. ನಗೆ ಯಾರ ಕಡೆ ತಿರುಗಿದೆ ನೋಡಿ. ಅವಮಾನ ಮಾಡಿದವರ ಕಡೆಗೋ, ತನ್ನ ಕಡೆಗೋ, ಮರುಕ ತೋರಿಸಲು ಸಿದ್ಧವಾಗಿ ಕೂತ ನಮ್ಮ ಕಡೆಗೋ? ನನ್ನ ಓದಿನಲ್ಲಿ ಮೂರನೆಯದೇ ಹೆಚ್ಚು.

ಬದಲಿಸಿ ನೋಡಿ, ಆಮೇಲೆ ಬರೆಯಿರಿ

ಅನುಮಾನ ಬಂದಾಗ ವಾಕ್ಯವನ್ನು ಹಾಳು ಮಾಡಿ ನೋಡುವುದು ಒಳ್ಳೆಯ ಪರೀಕ್ಷೆ. ನಮ್ಮ ತುಣುಕನ್ನು 'ಕುಡಿದು ಬರುತ್ತಿದ್ದ ಅಪ್ಪನಿಗೆ ಹೆದರಿ ನಾವು ನಡುಗುತ್ತಿದ್ದೆವು, ಬಾಲ್ಯ ನರಕವಾಗಿತ್ತು' ಅಂತ ಮಾಡಿ. ಮಾಹಿತಿ ಜಾಸ್ತಿಯಾಯಿತು. ಕಿವಿಗೊಟ್ಟು ಕಾಯುವ ಮಗು ಮಾಯವಾಯಿತು. ಕಳೆದುಹೋದದ್ದು ಏನು ಅಂತ ಹೇಳಲು ಬಂದರೆ ನಿಮ್ಮ ಟಿಪ್ಪಣಿ ಅರ್ಧ ಸಿದ್ಧವಾದಂತೆ.

ಬರೆಯುವಾಗ ಮೂರು ಸಂಗತಿ ಒಂದರ ಹಿಂದೊಂದು ಬರಲಿ: ಪದ ಅಥವಾ ರೂಪ, ಅದು ಮಾಡುವ ಕೆಲಸ, ಅದರಿಂದ ಮಗು ಮತ್ತು ಹಿರಿಯನ ನಡುವೆ ಆಗುವ ಬದಲಾವಣೆ. 'ಲೇಖಕರು ನೋವನ್ನು ಪರಿಣಾಮಕಾರಿಯಾಗಿ ಚಿತ್ರಿಸಿದ್ದಾರೆ' ಅನ್ನುವ ವಾಕ್ಯ ಯಾವ ಪುಸ್ತಕಕ್ಕಾದರೂ ಹೊಂದುತ್ತದೆ, ಹಾಗಾಗಿ ಯಾವುದಕ್ಕೂ ಬೇಡ. ಅದರ ಬದಲು ಹೀಗೆ ಬರೆಯಬಹುದು: 'ಗುಡಿಸಿ ಆಗಿತ್ತು ಅನ್ನುವಲ್ಲಿ ಕರ್ತೃ ಇಲ್ಲ. ಮನೆಯಲ್ಲಿ ನಡೆದದ್ದನ್ನು ಯಾರೂ ಮಾಡಲಿಲ್ಲ ಎಂಬಂತೆ ಮಗು ನೋಡುತ್ತದೆ. ಆ ನೋಟವನ್ನು ಹಿರಿಯ ಲೇಖಕ ತಿದ್ದಲು ಹೋಗುವುದಿಲ್ಲ.'

ಒಂದು ಎಚ್ಚರಿಕೆ. 'ಇದು ನಿಜವಾಗಿ ನಡೆಯಿತೇ?' ಅನ್ನುವುದು ಬೇರೆ ತನಿಖೆ. ಭಾಷೆಯ ಓದಿನಲ್ಲಿ ನೆನಪಿನ ಅನುಮಾನವೂ ಒಂದು ತಂತ್ರವೇ. 'ಇರಬೇಕು', 'ಅನ್ನಿಸುತ್ತದೆ', 'ಅಮ್ಮ ಹೇಳುವ ಪ್ರಕಾರ' ಇಂಥವು ಕಂಡರೆ ಅವಕ್ಕೂ ಗೆರೆ ಎಳೆಯಿರಿ. ಹಾಗೆಯೇ ಟಿಪ್ಪಣಿಯಲ್ಲಿ ಮಗುವಿಗೆ ಕಾಯಿಲೆಯ ಹೆಸರು ಹಚ್ಚುವ ಚಪಲ ಬೇಡ. ನಿಮ್ಮ ಮುಂದಿರುವುದು ರೋಗಿಯಲ್ಲ, ವಾಕ್ಯ.